ಮೂರು ಅರ್ಧ

"ಇವತ್ತಿನಿಂದ ಇವರ ಕೈಗೆ ಸ್ಟಿಯರಿಂಗ್ ಕೊಡೋ ಹಾಗಿಲ್ಲಮ್ಮ" ಎಂದರು ಡಿಪೋದ ಡಾಕ್ಟರು, ಪೆನ್ನಿಗೆ ಮುಚ್ಚಳ ಹಾಕುತ್ತ.

ಅವಳು ಯೂನಿಫಾರ್ಮ್ ಹೊಲಿಯುವ ವಿಭಾಗದಿಂದ ಮೆಷಿನ್ ಬಿಟ್ಟು ಹಾಗೇ ಎದ್ದು ಬಂದಿದ್ದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ತೋಳಿಗೆ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು. ಡ್ರೈವರುಗಳಿಗೆಲ್ಲ ವರ್ಷಕ್ಕೊಮ್ಮೆ ಮಾಡುವ ತಪಾಸಣೆ ಇದು. ಬೆಳಿಗ್ಗೆ ರಕ್ತ ಕೊಟ್ಟಿದ್ದ ಗಂಡ ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ ಒಂದು ಸಹಿ ಹಾಕಿಸಿಕೊಂಡು ಬರೋಣವೆಂದು ಒಳಗೆ ಹೋದವನು, ಹೊರಗೆ ಬಂದಿರಲಿಲ್ಲ. ನರ್ಸಮ್ಮ ಫೋನ್ ಮಾಡಿ, "ನಿಮ್ಮ ಯಜಮಾನರು ಕುರ್ಚಿ ಬಿಟ್ಟು ಏಳ್ತಾ ಇಲ್ಲ, ಸ್ವಲ್ಪ ಬನ್ನಿ" ಎಂದು ಕರೆಸಿದ್ದರು.

ಈಗ ನೋಡಿದರೆ ಅವನು ಕುರ್ಚಿಯಲ್ಲಿ ಗರಬಡಿದವನಂತೆ ಕೂತಿದ್ದ. ಮಡಿಲಲ್ಲಿ ಟೋಪಿ. ಡಿಪೋದಲ್ಲಿ ಇವನಿಗೆ ನಿಧಾನಣ್ಣ ಎಂದು ಹೆಸರು. ಅವನು ಬ್ರೇಕ್ ಹಾಕಿದರೆ ನಿಂತವರ ಕೈಯ ಚಹಾ ಕೂಡ ತುಳುಕುವುದಿಲ್ಲ ಎಂದು ಮಾತು. ಅಂಥವನ ಕೈ ಟೋಪಿಯ ಅಂಚನ್ನು ಸುತ್ತಿಸುತ್ತಲೇ ಇತ್ತು.

"ಸಕ್ಕರೆ ಈ ಪಾಟಿ ಏರಿದ್ರೆ ಯಾವ ಗಳಿಗೇಲಿ ಕಣ್ಣು ಮಂಜಾಗುತ್ತೋ ಹೇಳೋಕಾಗಲ್ಲ. ಹಿಂದೆ ಬಸ್ಸು ತುಂಬ ಜನ ಕೂತಿರ್ತಾರೆ" ಎಂದರು ಡಾಕ್ಟರು. "ಮಾತ್ರೆ ಬರೆದಿದ್ದೀನಿ. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ. ಅಷ್ಟರಲ್ಲಿ ಇಳಿಸ್ಕೊಂಡ್ರೆ ಸರಿ. ಇಲ್ದಿದ್ರೆ ಕೊನೇವರೆಗೂ ಡಿಪೋ ಗೇಟು ಕಾಯೋದೇ ಗತಿ."

"ಡಾಕ್ಟ್ರೇ, ಬೇರೆ ಯಾರದೋ ಬಾಟ್ಲಿ ಅದಲುಬದಲಾಗಿರಬೇಕು" ಎಂದಳು ಅವಳು. "ನಮ್ಮಷ್ಟು ಅಳೆದು ತೂಗಿ ತಿನ್ನೋರು ಯಾರೂ ಇಲ್ಲ. ಹೋಟೆಲ್ಲಿಗೆ ಹೋದ್ರೂ ಪ್ಲೇಟಲ್ಲಿ ಅರ್ಧ ಬಿಟ್ಟೇ ಏಳೋದು ನಾವು. ಇವರಂತೂ ಹೋಟೆಲ್ಲಲ್ಲಿ ತಮಗೆ ಅಂತ ಏನೂ ತರಿಸ್ಕೊಳ್ಳೋದೇ ಇಲ್ಲ. ಬೇಕಾದ್ರೆ ಕೇಳಿ."

ಡಾಕ್ಟರು ಅವನತ್ತ ತಿರುಗಿದರು.

"ಹೌದು ಸಾರ್" ಎಂದ ಅವನು, ಮೊದಲ ಬಾರಿಗೆ ಬಾಯಿ ಬಿಟ್ಟು. "ಏನಾದ್ರೂ ತರಿಸ್ಕೊಂಡು ಯಾವ ಕಾಲವಾಯ್ತೋ."

"ಹಾಗಾದ್ರೆ ಎಲ್ಲಿಂದ ಬಂತಪ್ಪ ಇದು, ಬಸ್ಸಿನ ಕಿಟಕಿಯಿಂದಲಾ?"

ಅವಳು ಮಾತ್ರೆಯ ಚೀಟಿ ತೆಗೆದುಕೊಂಡು ಗಂಡನನ್ನು ಎಬ್ಬಿಸಿಕೊಂಡು ಹೊರಟಳು.

ಅಳೆದು ತೂಗಿ ತಿನ್ನುವುದು ಅವರ ಮನೆಗೆ ಬಂದದ್ದು ಅವಳ ಮಂಡಿನೋವಿನಿಂದ. ದಿನವಿಡೀ ಮೆಷಿನ್ ತುಳಿದು ಮಂಡಿ ಊದಿಕೊಂಡಾಗ, ತೂಕ ಇಳಿಸದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಂಡನದು ಪಾಳಿಯ ಕೆಲಸ, ಅವಳದು ಸಂಜೆ ದೀಪ ಹಚ್ಚುವವರೆಗಿನ ಕೆಲಸ. ವಾರದಲ್ಲಿ ಮೂರು ನಾಲ್ಕು ಸಂಜೆಯಾದರೂ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಡಿಪೋದ ಮೂಲೆಯ ಹೋಟೆಲ್ಲಿನಲ್ಲೇ ಊಟ ಮುಗಿಸಿಕೊಂಡು ಮನೆ ಸೇರುವುದು. ಆ ಹೋಟೆಲ್ಲಿನ ಪ್ಲೇಟೋ, ಲಾರಿಯ ಚಕ್ರದಷ್ಟು. ಹೊರೆ ಹೊರುವವರೂ ಮೆಕ್ಯಾನಿಕ್ಕುಗಳೂ ಬರುವ ಜಾಗ, ಬಡಿಸುವ ಕೈಗೆ ಹಿಡಿತವೆಂಬುದಿಲ್ಲ. ಒಬ್ಬರಿಗೆ ಬಡಿಸಿದ್ದು ಒಬ್ಬರ ಊಟವಲ್ಲ ಎಂದು ತಿಳಿದ ದಿನದಿಂದ ಅವಳು ಕಾನೂನು ಮಾಡಿದಳು. ಪ್ಲೇಟು ಬಂದ ಕೂಡಲೇ, ಒಂದು ತುತ್ತೂ ಬಾಯಿಗೆ ಹೋಗುವ ಮೊದಲು, ಚಮಚದಿಂದ ನಡುವೆ ಗೆರೆ ಎಳೆಯಬೇಕು. ಗೆರೆಯ ಈಚೆಯದು ನಮ್ಮದು. ಆಚೆಯದು ನಮ್ಮದಲ್ಲ.

ಕಾನೂನು ಫಲ ಕೊಟ್ಟಿತು. ಅವಳ ಮಂಡಿ ಹಗುರವಾಯಿತು. ಕಾಲೇಜಿಗೆ ಕಾಲಿಟ್ಟ ದೊಡ್ಡವಳು ಓಟದ ತಂಡಕ್ಕೆ ಸೇರಿದಳು. ಉಬ್ಬಿದ ಕೆನ್ನೆಯ ಪುಟ್ಟಿಗೂ ಕತ್ತು ಕಾಣಿಸತೊಡಗಿತು. ಹೊಲಿಗೆ ವಿಭಾಗದ ಗೆಳತಿಯರು "ಗುಟ್ಟೇನೇ, ನಮಗೂ ಹೇಳೇ" ಎಂದು ಪೀಡಿಸುತ್ತಿದ್ದರು. ಅವಳು ಗೆರೆಯ ವಿಷಯ ಹೇಳುತ್ತಿದ್ದಳು. "ಅಷ್ಟೇನಾ?" ಎಂದು ಅವರು. "ಅಷ್ಟೇ" ಎಂದು ಅವಳು.

ಹೀಗಿರುವಾಗ ಗಂಡನ ರಕ್ತ ಹೀಗೆ ಹೇಳಿದರೆ ಏನೆಂದುಕೊಳ್ಳುವುದು? ಮನೆಗೆ ಬಂದವಳೇ ಜಾಡಿಸಿದಳು.

"ನಮ್ಮ ಮುಂದೆ ಉಪವಾಸದವರ ಥರ ಕೂತು, ರೂಟಲ್ಲಿ ಬಸ್ಸು ನಿಲ್ಲಿಸಿ ನಿಲ್ಲಿಸಿ ತಿಂತೀರಾ ಹಾಗಾದ್ರೆ?"

"ಇಲ್ಲ ಕಣೇ."

"ಮತ್ತೆ ಗಾಳಿ ಕುಡ್ಕೊಂಡು ಊದಿದ್ರಾ? ಟಯರಾ ನೀವು?"

ಪುಟ್ಟಿ ಕಿಸಕ್ಕನೆ ನಕ್ಕು, ಅಕ್ಕನ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡಳು. ಅವನು ನಗಲಿಲ್ಲ. "ನಿನ್ನ ಆಣೆಗೂ ಇಲ್ಲ" ಎಂದು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ.

ಅವಳು ನಂಬಲಿಲ್ಲ. ಮಾರನೆಯ ದಿನ ರಜೆ ಹಾಕಿ, ಅವನು ಓಡಿಸುತ್ತಿದ್ದ ರೂಟಿನ ಬಸ್ಸನ್ನೇ ಹತ್ತಿ ಕೊನೆಯ ಸ್ಟಾಪಿನವರೆಗೂ ಹೋದಳು. ಅಲ್ಲಿ ಡ್ರೈವರು, ಕಂಡಕ್ಟರುಗಳಿಗೆಂದೇ ತಗಡಿನ ಮಾಡಿನ ಕ್ಯಾಂಟೀನು. ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಹೆಂಗಸು ಕೆಟಲ್ ಉಜ್ಜುತ್ತಿದ್ದಳು.

"ನಿಧಾನಣ್ಣನ ಹೆಂಡ್ತಿನಾ ನೀನು? ಬಾ ಕೂತ್ಕೋ. ಅಯ್ಯೋ, ಎಲ್ಲ ಅವನಂಥ ಗಿರಾಕಿಗಳೇ ಇದ್ರೆ ನಾನು ಅಂಗಡಿ ಮುಚ್ಚಬೇಕು ತಾಯಿ. ಒಂದು ಲೋಟ ಚಹಾ. ಅದೂ ಸಕ್ಕರೆ ಕಮ್ಮಿ. ಬನ್ನು ತಗೋಳೋ ಅಂದ್ರೆ, 'ಸಂಜೆ ಮಕ್ಕಳ ಜೊತೆ ಕೂರಬೇಕು ಚಿಕ್ಕಮ್ಮ, ಹೊಟ್ಟೆ ಖಾಲಿ ಇರಲಿ' ಅಂತಾನೆ."

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಹಾಗಾದರೆ ಗಂಡ ಸುಳ್ಳು ಹೇಳಿಲ್ಲ. ಡಾಕ್ಟರ ಕೈಯಲ್ಲಿದ್ದ ರಕ್ತಪರೀಕ್ಷೆಯ ಚೀಟಿಯೂ ಸುಳ್ಳಲ್ಲ. ಎರಡೂ ಹೇಗೆ ನಿಜವಾದೀತು? ಮರಳಿ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ ತಲೆಯನ್ನು ಗಿರಗಿರ ತಿರುಗಿಸಿತು. ಹೊಸ ಡ್ರೈವರು ಹಾಕುವ ಒಂದೊಂದು ಬ್ರೇಕಿಗೂ ಮುಂದಿನ ಸೀಟಿಗೆ ಹೋಗಿ ಬಡಿಯುತ್ತಿದ್ದಳು.

ಗೇಟಿನವರಿಗೆ ಬೇರೆ ಬಣ್ಣದ ಯೂನಿಫಾರ್ಮು. ಗಂಡನಿಗೆ ಅದನ್ನು ಹೊಲಿಯುವ ಕೆಲಸ ಅವಳ ಮೇಜಿಗೇ ಬಂತು. ಅಳತೆಗೆಂದು ಅವನ ಹಳೆಯ ನೀಲಿ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಮೆಷಿನ್ನಿನ ಮೇಲೆ ಹರಡಿದಳು. ಸೊಂಟದ ಹಿಂದಿನ ಹೊಲಿಗೆಯ ಪಕ್ಕ ಸಣ್ಣ ಸಣ್ಣ ತೂತುಗಳ ಸಾಲು. ಬಿಚ್ಚಿ ಸಡಿಲಿಸಿದ ಹಳೆಯ ಹೊಲಿಗೆಯ ಗುರುತು. ಅದರಾಚೆ ಇನ್ನೊಂದು ಸಾಲು. ಮತ್ತೂ ಒಂದು. ಎಲ್ಲ ಅವಳದೇ ಕೈಕೆಲಸ. "ನೀರಿಗೆ ಹಾಕಿ ಬಟ್ಟೆ ಕುಗ್ಗಿದೆ ಕಣ್ರೀ" ಎಂದು ಪ್ರತಿಸಲವೂ ತಾನೇ ಹೇಳಿದ್ದಳು. ಯೂನಿಫಾರ್ಮಿನ ಬಟ್ಟೆ ಕುಗ್ಗುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಯ ಸಾಲಿನ ಬಳಿ ಮಡಿಚಿದ ಬಟ್ಟೆಯೂ ಮುಗಿದು, ಬೇರೆ ಪಟ್ಟಿಯೊಂದನ್ನು ಇಟ್ಟು ಹೊಲಿದಿತ್ತು. ಹೊರಗಿನಿಂದ ಕಾಣದಂತೆ, ನೂಲಿಗೆ ನೂಲು ಹೊಂದಿಸಿ. ಆ ಪಟ್ಟಿ ಎಲ್ಲಿಂದ ಬಂತೆಂದು ಅವಳಿಗೆ ಆಗ ನೆನಪಾಯಿತು. ಹೊಲಿಗೆ ವಿಭಾಗದವರ ಯೂನಿಫಾರ್ಮೂ ಅದೇ ನೀಲಿ. ತೂಕ ಇಳಿದು ತನ್ನ ಪ್ಯಾಂಟು ಜಾರತೊಡಗಿದಾಗ ಸೊಂಟದಿಂದ ಕತ್ತರಿಸಿ ತೆಗೆದ ತುಂಡು ಅದು. ಎಸೆಯುವುದೇಕೆ ಎಂದು ಅವನದಕ್ಕೆ ಸೇರಿಸಿದ್ದಳು. ಒಂದೇ ಮಧ್ಯಾಹ್ನ, ಒಂದೇ ಮೆಷಿನ್ನಿನ ಮೇಲೆ. ಇಲ್ಲಿಂದ ತೆಗೆದು ಅಲ್ಲಿಗೆ.

ಪಕ್ಕದ ಮೆಷಿನ್ನಿನವಳು "ಏನೇ, ದೆವ್ವ ಕಂಡವಳ ಥರ?" ಎಂದಳು. ಅವಳು ಪ್ಯಾಂಟನ್ನು ಮಡಿಚಿ ಪಕ್ಕಕ್ಕಿಟ್ಟಳು.

ಮರುದಿನ ಸಂಜೆ ಎಂದಿನಂತೆ ಹೋಟೆಲ್ಲಿಗೆ ಹೋದರು. ಗಂಡನಿಗೆ ಮನಸ್ಸಿರಲಿಲ್ಲ, ಗೇಟಿನ ಮೊದಲ ದಿನ ಮುಗಿಸಿ ಬಂದಿದ್ದ. ಅವಳೇ ಹಟ ಮಾಡಿ ಕರೆದೊಯ್ದಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ನೋಡಬೇಕಿತ್ತು, ಅಷ್ಟೇ.

ಮೀಸೆ ಎಂದೇ ಎಲ್ಲರೂ ಕರೆಯುವ ಸಪ್ಲೈಯರ್ ಬಂದು ಟೇಬಲ್ ಒರೆಸಿದ. ಅವಳು ಅನ್ನ ಮತ್ತು ಮೀನು ಹೇಳಿದಳು, ದೊಡ್ಡವಳು ನೂಡಲ್ಸ್, ಪುಟ್ಟಿ ಕೋಳಿ ಮತ್ತು ಹುರಿದ ಆಲೂಗಡ್ಡೆ. ಮೀಸೆ ಗಂಡನ ಕಡೆ ನೋಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಹೊಗೆಯಾಡುವ ಮೂರು ಪ್ಲೇಟು ಹೊತ್ತು ತಂದ. ಮೂವರ ಮುಂದೆ ಇಟ್ಟ. ಆಮೇಲೆ ಕಂಕುಳಲ್ಲಿ ಅವುಚಿಕೊಂಡಿದ್ದ ನಾಲ್ಕನೆಯ ಪ್ಲೇಟನ್ನು ತೆಗೆದು ಗಂಡನ ಮುಂದಿಟ್ಟ. ಎಲ್ಲಕ್ಕಿಂತ ದೊಡ್ಡದು. ಖಾಲಿ.

"ಇದ್ಯಾಕೆ?" ಎಂದಳು ಅವಳು.

"ಯಾವುದಕ್ಕ?"

"ಈ ಪ್ಲೇಟು. ಇವರು ಏನೂ ಹೇಳಿಲ್ಲವಲ್ಲ."

"ಅಣ್ಣಂದು ಅಲ್ವಾ" ಎಂದ ಮೀಸೆ, ಇದನ್ನೂ ಕೇಳುತ್ತಾರಾ ಎಂಬಂತೆ. "ಮೊದ್ಲು ಸಣ್ಣದು ಇಡ್ತಿದ್ದೆ. ಹಿಡಿಸಲ್ಲ, ಟೇಬಲ್ ಮೇಲೆಲ್ಲ ಚೆಲ್ಲುತ್ತೆ ಅಂತ ದೊಡ್ಡದು ತರೋದು." ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಕೂಗಿದರು, ಹೋದ.

ಅವಳು ತಲೆ ತಿರುಗಿಸುವಷ್ಟರಲ್ಲಿ ದೊಡ್ಡವಳು ಗೆರೆ ಎಳೆದು ಮುಗಿಸಿದ್ದಳು. ಚಮಚದ ಬೆನ್ನಿನಿಂದ ಅರ್ಧ ನೂಡಲ್ಸನ್ನು ಅಪ್ಪನ ಪ್ಲೇಟಿಗೆ ನೂಕಿದಳು, ಮುಖವನ್ನೂ ಎತ್ತದೆ, ಬಾಗಿಲು ಹಾಕಿದಷ್ಟು ಸಲೀಸಾಗಿ. ಅದರ ಮೇಲೆ ಪುಟ್ಟಿಯ ಆಲೂಗಡ್ಡೆ ಬಿತ್ತು. ಕೋಳಿಯ ತುಂಡು ಬಿತ್ತು. "ಅಪ್ಪಾ, ಚರ್ಮಾನೂ ನಿಂಗೇ" ಎಂದಳು ಪುಟ್ಟಿ. ಅಪ್ಪ ಪ್ಲೇಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಜಾಗ ಮಾಡಿದ. ಆಮೇಲೆ ಮೂವರೂ ಅವಳ ಕಡೆ ನೋಡಿದರು. ಅವಳ ಚಮಚವೂ ಅವಳಿಗೇ ಅರಿವಿಲ್ಲದೆ ಗೆರೆಯ ಆಚೆಯ ಅನ್ನ, ಮೀನು ಹೊತ್ತು ಟೇಬಲ್ಲಿನ ನಡುವೆ ನಿಂತಿತ್ತು.

"ಹಾಕು" ಎಂದ ಗಂಡ.

"ಏನ್ರೀ ಇದು?"

"ಏನು ಅಂದ್ರೆ?"

"ಹೋಟೆಲ್ಲಲ್ಲಿ ಏನೂ ತಿನ್ನಲ್ಲ ಅಂತ ಡಾಕ್ಟ್ರ ಮುಂದೆ ಹೇಳಿದ್ರಲ್ಲ."

"ನಾನೆಲ್ಲಿ ಹೇಳ್ದೆ? ತರಿಸ್ಕೊಳ್ಳಲ್ಲ ಅಂದೆ. ನೀನೂ ಅದನ್ನೇ ಹೇಳಿದ್ದು." ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಬರಿಯ ಗೊಂದಲ. "ಇದು ನಿಮ್ಮಲ್ಲಿ ಮಿಕ್ಕಿದ್ದು ಕಣೇ. ಇದನ್ನ ಯಾರಾದ್ರೂ ಊಟ ಅಂತಾರಾ?"

ದೊಡ್ಡವಳ ಫೋರ್ಕು ಪ್ಲೇಟಿನ ಮೇಲೆ ಟಣ್ಣೆಂದಿತು. "ಅಮ್ಮಾ" ಎಂದಳು, ಧ್ವನಿಯೇ ಇಲ್ಲದೆ. "ಮೂರು ಅರ್ಧ ಅಂದ್ರೆ ಒಂದೂವರೆ ಪ್ಲೇಟು."

ಈ ಹೋಟೆಲ್ಲಿನ ಒಂದೂವರೆ ಪ್ಲೇಟು, ವಾರಕ್ಕೆ ಮೂರು ನಾಲ್ಕು ಸಂಜೆ, ಇಷ್ಟು ಕಾಲ. ಅವಳ ಕಣ್ಣೆದುರೇ. ಅವಳ ಕೈಯಿಂದಲೇ. ಗೆರೆಯ ಆಚೆಯದು ನಮ್ಮದಲ್ಲ ಎಂದು ಕಲಿಸಿದ್ದಳು, ಹಾಗಾದರೆ ಯಾರದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಬೇಡ ಅನ್ನೋದಲ್ವೇನ್ರೀ?" ಎಂದಳು. "ಪಾರ್ಸೆಲ್ ಮಾಡಿಸಿ ಅನ್ನೋದಲ್ವಾ? ಶುರುನಲ್ಲಿ ಹಾಗೇ ಮಾಡ್ತಿದ್ವಲ್ಲ."

ಅವನು ತನ್ನ ಪ್ಲೇಟನ್ನು ತುಸು ಆಚೆ ಸರಿಸಿದ. "ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು."

"ಹೇಳಿ."

"ಆ ಪಾರ್ಸೆಲ್ ಮನೆ ಮುಟ್ಟೋದ್ರೊಳಗೆ ನೀನು ಖಾಲಿ ಮಾಡ್ತಿದ್ದೆ. ಪ್ಲೇಟಲ್ಲಿ ಬಿಟ್ರೆ ಮಾತಾಡ್ತಾ ಮಾತಾಡ್ತಾ ಗೆರೆ ದಾಟ್ತಿದ್ದೆ. ಆಮೇಲೆ ಕೂತು ಅಳ್ತಿದ್ದೆ, ನನ್ನ ಕೈಲಾಗಲ್ಲ ಅಂತ. ಅದಕ್ಕೇ ನಿನ್ನ ಕೈಗೆ ಸಿಗದ ಹಾಗೆ ನಾನು ಈ ಕಡೆ ಎಳ್ಕೊಂಡೆ. ಎಸೆಯೋಕೆ ಮನಸ್ಸು ಬರಲಿಲ್ಲ, ತಿಂದೆ. ನಿನ್ನ ಮಂಡಿ ಸರಿಹೋಯ್ತು. ಮಕ್ಕಳೂ ಕಲಿತ್ರು." ಆಲೂಗಡ್ಡೆಯೊಂದನ್ನು ಬೆರಳಿನಿಂದ ಅತ್ತಿತ್ತ ಉರುಳಿಸಿದ. "ಎಲ್ಲಾ ಚೆನ್ನಾಗೇ ನಡೀತಿತ್ತಲ್ಲ."

ಅವಳು ಚಮಚವನ್ನು ಇಳಿಸಿದಳು. ಗೆಳತಿಯರು ಗುಟ್ಟೇನೆಂದು ಕೇಳುತ್ತಿದ್ದರಲ್ಲ, ಆ ಗುಟ್ಟು ಎದುರಿಗೆ ಗೇಟಿನವರ ಯೂನಿಫಾರ್ಮ್ ಹಾಕಿಕೊಂಡು ಕೂತಿತ್ತು.

"ಅಪ್ಪನ ಕಾಯಿಲೆ ನಾವು ಮಾಡಿದ್ದಾ?" ಎಂದಳು ಪುಟ್ಟಿ.

"ನೀನಲ್ಲ ಪುಟ್ಟಿ, ನಿನ್ನ ಆಲೂಗಡ್ಡೆ" ಎಂದ ಅವನು. ಯಾರೂ ನಗಲಿಲ್ಲ. ತುಂಬಿದ ಪ್ಲೇಟನ್ನು ಹಾಗೇ ಬಿಟ್ಟು ನಾಲ್ವರೂ ಎದ್ದರು. ಮೀಸೆ ಗಲ್ಲಾದ ಪಕ್ಕದಿಂದ ಕಣ್ಣರಳಿಸಿ ನೋಡುತ್ತ ನಿಂತ.

ಎರಡು ತಿಂಗಳು ಆ ಹೋಟೆಲ್ಲಿನ ಕಡೆ ತಲೆಹಾಕಲಿಲ್ಲ. ಎಷ್ಟೇ ಸುಸ್ತಾಗಿದ್ದರೂ ಅವಳು ಮನೆಯಲ್ಲೇ ಒಲೆ ಹಚ್ಚಿದಳು, ದೊಡ್ಡವಳು ತರಕಾರಿ ಹೆಚ್ಚಿದಳು. ಅವನು ಬಡಿಸಿದ್ದಷ್ಟನ್ನು ತಿಂದು, ಮಾತ್ರೆ ನುಂಗಿ, ಪುಟ್ಟಿಯ ಕೈ ಹಿಡಿದು ಬಡಾವಣೆ ಸುತ್ತಿ ಬರುತ್ತಿದ್ದ. ಡಿಪೋದ ಹುಡುಗರು ಬಸ್ಸಿನಿಂದ ಕತ್ತು ಹೊರಹಾಕಿ, "ನಿಧಾನಣ್ಣ, ಗೇಟನ್ನಾದ್ರೂ ಬೇಗ ತೆಗಿಯಣ್ಣೋ" ಎಂದು ಕೆಣಕುತ್ತಿದ್ದರು. ಅವನು ನಗುತ್ತ ಗೇಟು ಎಳೆಯುತ್ತಿದ್ದ. ತನ್ನ ಹಳೆಯ ಬಸ್ಸು ಹೊರಟಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದ. ಹೊಲಿಗೆ ವಿಭಾಗದ ಕಿಟಕಿಯಿಂದ ಅವಳಿಗೆ ಅದು ಕಾಣುತ್ತಿತ್ತು.

ಮರುತಪಾಸಣೆಯ ದಿನ ಡಾಕ್ಟರು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ಅವಳು ಗಂಡನ ಮೊಣಕೈ ಹಿಡಿದುಕೊಂಡಿದ್ದಳು.

"ಇಳಿದಿದೆ" ಎಂದರು. ಇಬ್ಬರೂ ಉಸಿರು ಬಿಡುವ ಮುಂಚೆಯೇ ಕೈ ಎತ್ತಿ ತಡೆದರು. "ಆದ್ರೆ ಇದು ಇವರ ಶಿಸ್ತಲ್ಲಮ್ಮ, ನಿಮ್ಮ ಸೌಟು. ಬಸ್ ಹತ್ತಿದ್ರೆ ದಿನಾ ಒಂದೊಂದು ಕಡೆ ಊಟ, ಅಲ್ಲಿ ನೀವಿರಲ್ಲ. ಹೋಟೆಲ್ಲಲ್ಲಿ ಕೂತು ಎಷ್ಟು ಸಾಕು ಅಂತ ಇವರಿಗೇ ಗೊತ್ತಾಗಬೇಕು. ಹತ್ತಿರದ ರೂಟು ಕೊಡಿಸ್ತೀನಿ. ಮುಂದಿನ ತಿಂಗಳು ರಕ್ತ ನೋಡ್ತೀನಿ. ಏರಿದ್ರೆ ಆಮೇಲೆ ನನ್ನ ಹತ್ರ ಬರಬೇಡಿ."

ಹೊರಗೆ ಬಂದು ಅವನು ಡಿಪೋದ ಅಂಗಳದಲ್ಲಿ ನಿಂತ. "ನಡಿ" ಎಂದ.

"ಎಲ್ಲಿಗೆ?"

"ಮೂಲೆ ಹೋಟೆಲ್ಲಿಗೆ. ನೀನು ಪಕ್ಕದಲ್ಲಿ ಇರೋವಾಗ್ಲೇ ಒಂದ್ಸಲ ನೋಡೇಬಿಡೋಣ. ಮಕ್ಕಳಿಗೂ ಬರೋಕೆ ಹೇಳು."

ಮಧ್ಯಾಹ್ನದ ಹೊತ್ತು, ನೂಕುನುಗ್ಗಲು. ಮೀಸೆ ದೂರದಿಂದಲೇ ಕೈ ಬೀಸಿ ಟೇಬಲ್ ತೋರಿಸಿದ. ಮೂವರೂ ತಮ್ಮ ತಮ್ಮದು ಹೇಳಿದರು. ಮೀಸೆ ತಿರುಗಿ ಹೊರಟ.

"ನಿಂತ್ಕೊಳ್ಳಪ್ಪ" ಎಂದ ಗಂಡ. "ನಂದು ಕೇಳಲ್ವಾ?"

ಮೀಸೆ ಅವನನ್ನು, ಆಮೇಲೆ ಅವಳನ್ನು ನೋಡಿದ. "ಹೇಳಣ್ಣ. ಏನು ಕೊಡ್ಲಿ?"

ಅವನು ಮೆನು ಕಾರ್ಡ್ ಎತ್ತಿಕೊಂಡು ಮೇಲಿನಿಂದ ಕೆಳಗೆ ಬೆರಳಾಡಿಸಿದ, ಗೊತ್ತಿಲ್ಲದ ರೂಟಿನ ಸ್ಟಾಪುಗಳನ್ನು ಓದುವವನ ಹಾಗೆ. ಮತ್ತೆ ಮೇಲಿನಿಂದ. ಕೊನೆಗೆ ಹೆಂಡತಿಯ ಕಡೆ ವಾಲಿ ಮೆಲ್ಲಗೆ ಕೇಳಿದ: "ನನಗೆ ಏನಿಷ್ಟ?"

ಅವಳು ಉತ್ತರಿಸಲು ಹೊರಟು ತಡವರಿಸಿದಳು. ಪುಟ್ಟಿಗೆ ಆಲೂಗಡ್ಡೆ, ದೊಡ್ಡವಳಿಗೆ ನೂಡಲ್ಸ್, ತನಗೆ ಮೀನು. ಅವನಿಗೆ? ಎಲ್ಲವನ್ನೂ ತಿನ್ನುತ್ತಿದ್ದನಲ್ಲ. ಮದುವೆಯಾದ ಹೊಸತರಲ್ಲಿ ಏನು ಕೇಳುತ್ತಿದ್ದ? ಎಷ್ಟು ತಡಕಿದರೂ ನೆನಪಿನ ಕೈಗೆ ಏನೂ ಸಿಗಲಿಲ್ಲ. ಮಕ್ಕಳ ಕಡೆ ನೋಡಿದಳು. ಅವರಿಗೂ ಗೊತ್ತಿರಲಿಲ್ಲ.

"ಬೇಗ ಹೇಳಣ್ಣ, ಜನ ಇದ್ದಾರೆ" ಎಂದ ಮೀಸೆ.

"ಸೂಪು ಕೊಡು. ತರಕಾರಿ ಸೂಪು" ಎಂದ ಅವನು. ಆಮೇಲೆ ಬೆರಳನ್ನು ಇನ್ನೆರಡು ಸಾಲು ಕೆಳಗಿಳಿಸಿದ. "ಬೇಡ, ತಾಳು. ಈ ಸುಟ್ಟ ಮೀನು ಹೇಗಿರುತ್ತೆ, ನಿಂಬೆಹಣ್ಣು ಹಾಕಿದ್ದು? ಅದನ್ನ ಕೊಡು. ಅನ್ನದ ಜೊತೆ."

ಬಂತು. ಲಾರಿಚಕ್ರದ ಪ್ಲೇಟು ತುಂಬ. ಅವನು ಒಂದು ತುತ್ತು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಇನ್ನೊಂದು ತುತ್ತು. ಎಷ್ಟು ನಿಧಾನ ತಿಂದನೆಂದರೆ ಅವಳು ತನ್ನ ಪ್ಲೇಟನ್ನೇ ಮರೆತಳು. ಅರ್ಧಕ್ಕೆ ಬಂದಾಗ ಅವನ ಕೈ ನಿಂತಿತು. ಅಲ್ಲಿ ಯಾವ ಗೆರೆಯೂ ಇರಲಿಲ್ಲ. ಮಕ್ಕಳ ಪ್ಲೇಟುಗಳಲ್ಲೂ ಅರ್ಧರ್ಧ ಉಳಿದಿತ್ತು, ಅದನ್ನು ಎಲ್ಲಿಗೆ ನೂಕಬೇಕೆಂದು ತಿಳಿಯದೆ ಇಬ್ಬರೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಮೀಸೇ" ಎಂದು ಕರೆದ ಅವನು. "ಇದನ್ನ ತಗೊಂಡ್ಹೋಗು."

ಮೀಸೆ ಬಗ್ಗಿ ಪ್ಲೇಟು ನೋಡಿದ. ಮುಖ ಪೆಚ್ಚಾಯಿತು. "ಯಾಕಣ್ಣ, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ" ಎಂದ ಅವನು. ಒಂದು ಕೈ ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. "ಅದಕ್ಕೇ ಹೇಳ್ತಿರೋದು, ಬೇಗ ತಗೊಂಡ್ಹೋಗು."